ಪುಟ್ಟ ನೇಚರಿಸ್ಟ್ ಕ್ಯಾಂಪ್‌ಸೈಟ್‌ನಲ್ಲಿ ತಂಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನೇಚರಿಸ್ಟ್ ಕ್ಯಾಂಪ್, ಅಂದರೆ ಬಟ್ಟೆ ಇಲ್ಲದೆ ಇರುವವರ ಕ್ಯಾಂಪ್, ಮಾತಿಗೆ ಬಂದರೆ ಸಾಕು, ಮೊದಲು ಒಂದು ನಗು, ಆಮೇಲೆ ಪ್ರಶ್ನೆಗಳ ಸಾಲು. ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಇದು ಸಾವಿರಾರು ಜನ ಸೇರುವ ರೆಸಾರ್ಟ್‌ಗಳ ಬಗ್ಗೆ ಅಲ್ಲ. ಹಳ್ಳಿಗಾಡಿನಲ್ಲಿ ಹತ್ತಿಪ್ಪತ್ತು ಟೆಂಟ್ ಹಿಡಿಸುವ, ಮಾಲೀಕರೇ ಬಂದು ಗೇಟು ತೆಗೆಯುವ ಜಾಗಗಳ ಬಗ್ಗೆ.

## ಶುರುವಿನ ಪ್ರಶ್ನೆಗಳು

ಬಟ್ಟೆ ಇಲ್ಲದೆ ಕ್ಯಾಂಪಿಂಗ್! ಇದೇನು ಈಗ ಹೊಸದಾಗಿ ಹುಟ್ಟಿದ ಹುಚ್ಚಾ?

ಅಲ್ಲ, ನೂರು ವರ್ಷಕ್ಕೂ ಹಳೆಯದು. ಜರ್ಮನಿಯಲ್ಲಿ ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಇಂಥ ಕೂಟಗಳಿದ್ದವು. ಅಲ್ಲಿ ಇವತ್ತಿಗೂ ಇದನ್ನು ಎಫ್‌ಕೆಕೆ ಅಂತಲೇ ಕರೆಯುತ್ತಾರೆ, ‘ಮುಕ್ತ ದೇಹ ಸಂಸ್ಕೃತಿ’ ಅನ್ನುವ ಜರ್ಮನ್ ಮಾತಿನ ಚಿಕ್ಕ ರೂಪ ಅದು. ಫ್ರಾನ್ಸ್‌ನ ಅಟ್ಲಾಂಟಿಕ್ ತೀರದ ಮೊಂಟಾಲಿವೆಯಲ್ಲಿ ಆಲ್ಬೇರ್ ಮತ್ತು ಕ್ರಿಸ್ಟಿಯಾನ್ ಲೆಕಾಕ್ ದಂಪತಿ 1950ರಲ್ಲಿ ರಜೆ ಕಳೆಯುವ ದೊಡ್ಡ ನೇಚರಿಸ್ಟ್ ಕೇಂದ್ರವನ್ನು ತೆರೆದರು. 1953ರಲ್ಲಿ ಅಂತರರಾಷ್ಟ್ರೀಯ ನೇಚರಿಸ್ಟ್ ಒಕ್ಕೂಟ ಹುಟ್ಟಿದ್ದೂ ಅಲ್ಲೇ. ಪ್ರಕೃತಿಯ ಜೊತೆ ಹೊಂದಿಕೊಂಡು ಬದುಕುವುದು, ಒಟ್ಟಿಗೆ ಬೆತ್ತಲೆ ಇರುವುದು, ಅದರಿಂದ ತನ್ನ ಬಗ್ಗೆ, ಬೇರೆಯವರ ಬಗ್ಗೆ, ಪರಿಸರದ ಬಗ್ಗೆ ಗೌರವ ಬೆಳೆಸಿಕೊಳ್ಳುವುದು: ಇದು 1974ರಲ್ಲಿ ಒಕ್ಕೂಟ ಒಪ್ಪಿಕೊಂಡ ವಿವರಣೆಯ ತಿರುಳು.

ಪುಟ್ಟ ಕ್ಯಾಂಪ್‌ಸೈಟ್‌ನಲ್ಲಿ ಇದೆಲ್ಲ ಯಾರ ಬಾಯಲ್ಲೂ ಬರುವುದಿಲ್ಲ. ಜನ ಟೆಂಟ್ ಹೂಡುತ್ತಾರೆ, ಚಹಾ ಕಾಯಿಸುತ್ತಾರೆ, ಪುಸ್ತಕ ಓದುತ್ತಾರೆ, ನೆರಳು ಸರಿದಂತೆ ಕುರ್ಚಿ ಸರಿಸುತ್ತಾರೆ. ಮೈಮೇಲೆ ಬಟ್ಟೆ ಇರುವುದಿಲ್ಲ, ಅಷ್ಟೇ.

ನಿಜ ಹೇಳಿ, ಅಲ್ಲಿ ನಡೆಯೋದೆಲ್ಲ ಸೆಕ್ಸ್ ವ್ಯವಹಾರ ತಾನೆ?

ಅಲ್ಲ. ಎಲ್ಲರಿಗೂ ಕಾಣುವಂತೆ ಕಾಮದ ವರ್ತನೆ ತೋರಿಸಿದರೆ ಅದೇ ದಿನ ಟೆಂಟ್ ಮಡಚಿಸಿ ಕಳಿಸುತ್ತಾರೆ. ಅದಕ್ಕೆಂದೇ ಇರುವ ಜಾಗಗಳು ಬೇರೆ ಇವೆ, ಅವು ತಮ್ಮನ್ನು ಬೇರೆ ಹೆಸರಿನಲ್ಲೇ ಕರೆದುಕೊಳ್ಳುತ್ತವೆ. ಅನುಮಾನ ಬಂದರೆ ಆ ಜಾಗ ದೇಶದ ನೇಚರಿಸ್ಟ್ ಒಕ್ಕೂಟದ ಪಟ್ಟಿಯಲ್ಲಿದೆಯಾ, ಕುಟುಂಬದವರು ಬರುತ್ತಾರಾ ಅಂತ ನೋಡಿ. ದೊಡ್ಡವರಿಗೆ ಮಾತ್ರ ಅಂತ ಬೋರ್ಡ್ ಇದ್ದ ಮಾತ್ರಕ್ಕೆ ತಪ್ಪು ತಿಳಿಯಬೇಡಿ. ಗಲಾಟೆ ಬೇಡ ಅನ್ನುವ ಕಾರಣಕ್ಕೂ ಕೆಲವರು ಹಾಗೆ ಮಾಡುತ್ತಾರೆ. ಮಾಲೀಕರಿಗೆ ನೇರವಾಗಿ ಕೇಳಿದರೆ ನೇರ ಉತ್ತರ ಬರುತ್ತದೆ.

ನನ್ನ ಮೈ ನೋಡೋ ಹಾಗಿಲ್ಲ. ಎಲ್ಲರೂ ನನ್ನನ್ನೇ ನೋಡ್ತಾರಲ್ವಾ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದೇ. ಅಲ್ಲಿ ನಿಮಗೆ ಸಿಗುವವರು ಯಾರು ಅಂತ ಯೋಚಿಸಿ. ಸೀಸನ್ ಬಿಟ್ಟು ಹೋದರೆ ಬಹುಪಾಲು ನಿವೃತ್ತರು. ಹೊಟ್ಟೆ ಇಳಿಬಿದ್ದವರು, ಮಂಡಿ ಆಪರೇಷನ್ ಆದವರು, ಸಿಸೇರಿಯನ್ ಗೆರೆ ಇರುವವರು, ಕ್ಯಾನ್ಸರ್‌ನಿಂದ ಸ್ತನ ತೆಗೆಸಿಕೊಂಡವರು, ಆಪರೇಷನ್ ಆಗಿ ಹೊಟ್ಟೆಗೆ ಮಲದ ಚೀಲ ಅಂಟಿಸಿಕೊಂಡವರು. ಜಾಹೀರಾತಿನ ಮೈಕಟ್ಟು ಹುಡುಕಿದರೂ ಸಿಗುವುದು ಕಷ್ಟ.

ಹೊಸಬರು ಬಂದಾಗ ಜನ ನೋಡುತ್ತಾರೆ, ಸುಳ್ಳು ಯಾಕೆ ಹೇಳಲಿ. ಆದರೆ ಅವರು ನೋಡುವುದು ನಿಮ್ಮ ಟೆಂಟನ್ನು. ಗೂಟ ಸರಿಯಾಗಿ ಹೊಡೆಯುತ್ತೀರಾ, ಸಹಾಯ ಬೇಕಾ, ಆ ಹೊಸ ಮಾದರಿಯ ಸ್ಟವ್ ಚೆನ್ನಾಗಿದೆಯಾ ಅಂತ.

ಹೋದ ತಕ್ಷಣ ಬಟ್ಟೆ ಬಿಚ್ಚಲೇಬೇಕಾ?

ಬೇಡ. ಗೇಟಿಗೆ, ಆಫೀಸಿಗೆ ಬಟ್ಟೆಯಲ್ಲೇ ಹೋಗುವುದು ವಾಡಿಕೆ. ಮಾಲೀಕರು ಜಾಗ ತೋರಿಸಿ ಸುತ್ತಾಡಿಸುತ್ತಾರೆ. ಅವರು ಬೆತ್ತಲೆ ಇರಬಹುದು, ಇಲ್ಲದಿರಬಹುದು. ನೀವು ಟೆಂಟ್ ಹೂಡಿ, ಸಾಮಾನು ಜೋಡಿಸಿ, ಒಂದು ಲೋಟ ನೀರು ಕುಡಿದು, ಆಮೇಲೆ ಮನಸ್ಸಾದಾಗ ಬಿಚ್ಚಿ. ಮೊದಲ ಸಂಜೆ ಬಟ್ಟೆಯಲ್ಲೇ ಇದ್ದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಎರಡು ಮೂರು ದಿನ ಬಿಸಿಲಲ್ಲೂ ಪೂರ್ತಿ ಬಟ್ಟೆ ಹಾಕಿಕೊಂಡು ಸುತ್ತಾಡಿದರೆ ಉಳಿದವರಿಗೆ ಮುಜುಗರ ಶುರುವಾಗುತ್ತದೆ. ಸುಮ್ನೆ ನೋಡಲು ಬಂದವರೇನೋ ಅನ್ನಿಸುತ್ತದೆ. ಈಜುಕೊಳದಲ್ಲಿ ಮಾತ್ರ ಹಲವು ಕಡೆ ಈಜುಡುಗೆಗೆ ಅನುಮತಿಯೇ ಇರುವುದಿಲ್ಲ. ಬಟ್ಟೆ ನಿಮ್ಮ ಇಷ್ಟ ಅನ್ನುವ ಜಾಗಗಳೂ ಇವೆ. ಇನ್ನೂ ಧೈರ್ಯ ಸಾಲದವರು ಅಲ್ಲಿಂದ ಶುರು ಮಾಡಬಹುದು.

ಮೊದಲ ಸಲಕ್ಕೆ ದೊಡ್ಡ ರೆಸಾರ್ಟ್ ಸುಲಭ ಅಲ್ವಾ? ಜನರ ಮಧ್ಯೆ ಕಳೆದುಹೋಗಬಹುದಲ್ಲ?

ಹಲವರ ಲೆಕ್ಕ ಇದೇ. ನನಗೆ ಇದರ ಉಲ್ಟಾ ಸರಿ ಅನ್ನಿಸುತ್ತದೆ. ದೊಡ್ಡ ಜಾಗದಲ್ಲಿ ಪ್ರತಿ ತಿರುವಿನಲ್ಲೂ ಹೊಸ ಮುಖ, ಪ್ರತಿ ಸಲವೂ ಹೊಸ ಸಂಕೋಚ. ಹದಿನೈದು ಜನರಿರುವ ಹುಲ್ಲುಗಾವಲಿನಲ್ಲಿ ಸಂಜೆಯೊಳಗೆ ಎಲ್ಲರಿಗೂ ಒಮ್ಮೆ ಕೈ ಬೀಸಿ ಆಗಿರುತ್ತದೆ. ಬೆಳಗ್ಗೆ ಎದ್ದಾಗ ಅವರು ಅಪರಿಚಿತರಲ್ಲ.

ಇದಕ್ಕೆ ಬೆಲೆಯೂ ಇದೆ. ಚಿಕ್ಕ ಜಾಗದಲ್ಲಿ ಅಡಗಿ ಕೂರಲು ಆಗುವುದಿಲ್ಲ. ನಮಸ್ಕಾರ ಹೇಳಬೇಕು, ಎರಡು ಮಾತಾಡಬೇಕು. ಪೂರ್ತಿ ಏಕಾಂತ ಬೇಕು, ಯಾರ ಮುಖವೂ ಬೇಡ ಅನ್ನುವವರಿಗೆ ಇದು ಹೊಂದುವುದಿಲ್ಲ.

## ಹೊರಡುವ ಮುಂಚೆ

ಬುಕ್ ಮಾಡುವಾಗ ಏನೇನು ಕೇಳಬೇಕು?

ಮೊದಲ ಪ್ರಶ್ನೆ: ಹೊಸಬರು ಬರಬಹುದಾ? ಕೆಲವು ಜಾಗಗಳು ಕ್ಲಬ್‌ಗಳು, ಸದಸ್ಯರಿಗಷ್ಟೇ ಪ್ರವೇಶ. ಆಮೇಲೆ ಬೆತ್ತಲೆ ಇರುವುದು ಕಡ್ಡಾಯವಾ, ಎಲ್ಲೆಲ್ಲಿ, ಅದು. ಉಳಿದದ್ದೆಲ್ಲ ಮಾಮೂಲಿ ಕ್ಯಾಂಪಿಂಗ್ ಪ್ರಶ್ನೆಗಳು. ಕರೆಂಟ್ ಇದೆಯಾ, ಎಷ್ಟು ಆಂಪಿಯರ್? ಹಳ್ಳಿಯ ಪುಟ್ಟ ಜಾಗಗಳಲ್ಲಿ 6 ಆಂಪಿಯರ್ ಕೊಡುವುದು ಸಾಮಾನ್ಯ, ಅಂದರೆ 230 ವೋಲ್ಟ್‌ನಲ್ಲಿ ಸುಮಾರು 1,400 ವ್ಯಾಟ್. ಫ್ರಿಜ್ ಓಡುತ್ತದೆ. ದೊಡ್ಡ ಕೆಟಲ್ ಹಚ್ಚಿದರೆ ಫ್ಯೂಸ್ ಹೋಗುತ್ತದೆ. ಹತ್ತಿರದ ಅಂಗಡಿ ಎಷ್ಟು ದೂರ, ಕಾರಿಲ್ಲದೆ ಬರಬಹುದಾ, ನಾಯಿ ತರಬಹುದಾ, ಇವನ್ನೂ ಕೇಳಿ.

ಕೇಳದೆ ಸುಮ್ಮನೆ ಗೇಟಿನ ಮುಂದೆ ಹೋಗಿ ನಿಲ್ಲಬೇಡಿ. ಮನೆಯವರೇ ನಡೆಸುವ ಜಾಗ, ಅವರು ತೋಟದಲ್ಲಿರಬಹುದು, ಪೇಟೆಗೆ ಹೋಗಿರಬಹುದು.

ನಾನೊಬ್ಬ ಒಂಟಿ ಗಂಡಸು. ಒಳಗೆ ಬಿಡ್ತಾರಾ?

ಹಲವು ಕಡೆ ಬಿಡುತ್ತಾರೆ, ಕೆಲವು ಕಡೆ ಇಲ್ಲ. ಜೋಡಿಗಳಿಗೆ ಮತ್ತು ಕುಟುಂಬಗಳಿಗೆ ಮಾತ್ರ ಅನ್ನುವವರಿದ್ದಾರೆ. ಒಂಟಿ ಗಂಡಸರ ಸಂಖ್ಯೆಗೆ ಮಿತಿ ಹಾಕುವವರೂ ಇದ್ದಾರೆ. ಪುಟ್ಟ ಜಾಗದಲ್ಲಿ ಗಂಡಸರೇ ಹೆಚ್ಚಾದರೆ ಹೆಂಗಸರು ಬರುವುದನ್ನು ನಿಲ್ಲಿಸುತ್ತಾರೆ ಅನ್ನುವ ಹೆದರಿಕೆ. ಒಳ್ಳೆಯವರಿಗೆ ಇದು ಅನ್ಯಾಯವೇ. ಆದರೂ ಗೇಟಿನಲ್ಲಿ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಮೊದಲೇ ಫೋನ್ ಮಾಡಿ ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಿ. ಒಕ್ಕೂಟದ ಸದಸ್ಯರಾಗಿದ್ದರೆ ಅದನ್ನೂ ಹೇಳಿ, ಬಹಳ ಸಲ ಅಷ್ಟಕ್ಕೇ ಬಾಗಿಲು ತೆರೆಯುತ್ತದೆ.

ಹೆಂಗಸು ಒಬ್ಬಳೇ ಹೋದರೆ ಸುರಕ್ಷಿತವಾ?

ಒಂಟಿಯಾಗಿ ಹೋಗುವ ಹೆಂಗಸರು ಪುಟ್ಟ ಜಾಗಗಳನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಮಾಲೀಕರು ಅಲ್ಲೇ ವಾಸ ಇರುತ್ತಾರೆ, ಯಾರು ಬಂದರು ಯಾರು ಹೋದರು ಅವರಿಗೆ ಗೊತ್ತಿರುತ್ತದೆ. ಹಾಗಂತ ಎಚ್ಚರ ಬಿಡಬೇಡಿ. ಎಲ್ಲಿದ್ದೀರಿ ಅಂತ ಒಬ್ಬರಿಗಾದರೂ ತಿಳಿಸಿರಿ. ಮೂಲೆಯ ಪೊದೆ ಹಿಂದಿನ ಜಾಗಕ್ಕಿಂತ ಮಾಲೀಕರ ಮನೆ ಕಾಣುವ ಜಾಗ ಕೇಳಿ. ಹಿಡಿಸದಿದ್ದರೆ ಮಧ್ಯರಾತ್ರಿಯಲ್ಲೂ ಹೊರಡುವ ಹಾಗೆ ಗಾಡಿ ನಿಲ್ಲಿಸಿ.

ಸದಸ್ಯತ್ವದ ಕಾರ್ಡ್ ಬೇಕಾ?

ಕ್ಲಬ್‌ಗಳಲ್ಲಿ ಬೇಕಾಗಬಹುದು, ಖಾಸಗಿ ಜಾಗಗಳಲ್ಲಿ ಸಾಮಾನ್ಯವಾಗಿ ಬೇಡ. ದೇಶದ ಒಕ್ಕೂಟಕ್ಕೆ ಸೇರಿದರೆ ಸಿಗುವ ಕಾರ್ಡ್‌ಗೆ ಬೇರೆ ದೇಶಗಳಲ್ಲೂ ಬೆಲೆ ಇದೆ. ಕೆಲವೆಡೆ ಬಾಡಿಗೆಯಲ್ಲಿ ಸ್ವಲ್ಪ ಇಳಿಸುತ್ತಾರೆ.

ಬಟ್ಟೇನೇ ಬೇಡ ಅಂದ್ಮೇಲೆ ಪ್ಯಾಕ್ ಮಾಡೋದೇನಿದೆ?

ಬಹಳ ಇದೆ! ಬೆತ್ತಲೆ ಇರುವವರ ಬ್ಯಾಗ್ ಹಗುರ ಅನ್ನುವುದು ತಮಾಷೆಗಷ್ಟೇ ನಿಜ. ಟವೆಲ್ ಮೂರು ನಾಲ್ಕು ಬೇಕು. ಸನ್‌ಸ್ಕ್ರೀನ್ ಬೇಕು, ಅದೂ ದೊಡ್ಡ ಬಾಟಲಿ. ಅಗಲವಾದ ಟೋಪಿ. ಒದ್ದೆಯಾದರೂ ಜಾರದ ಚಪ್ಪಲಿ. ಹುಲ್ಲಿನಲ್ಲಿ ಮುಳ್ಳು, ಜೇನು, ಟೆಂಟಿನ ಗೂಟ ಎಲ್ಲ ಇರುತ್ತವೆ. ಸೊಂಟಕ್ಕೆ ಲುಂಗಿಯಂತೆ ಸುತ್ತಿಕೊಳ್ಳುವ ಒಂದು ತೆಳು ಬಟ್ಟೆ ಎಲ್ಲಕ್ಕಿಂತ ಉಪಯೋಗದ್ದು. ಸಂಜೆಗೆ ಬೆಚ್ಚನೆಯ ಸ್ವೆಟರ್. ಜೇಬಿಲ್ಲದ ಕಷ್ಟ ಅಲ್ಲಿ ಹೋದ ಮೇಲೆ ತಿಳಿಯುತ್ತದೆ, ಆದ್ದರಿಂದ ಹೆಗಲಿಗೆ ಹಾಕುವ ಚಿಕ್ಕ ಚೀಲವನ್ನೂ ಇಟ್ಟುಕೊಳ್ಳಿ. ಕನ್ನಡಕ, ಕೀಲಿ, ಟಾಯ್ಲೆಟ್ ಪೇಪರ್ ಎಲ್ಲ ಅದರಲ್ಲೇ.

## ಅಲ್ಲಿ ಇರುವಾಗ

ಟವೆಲ್ ಟವೆಲ್ ಅಂತ ಎಲ್ಲರೂ ಹೇಳ್ತಾರಲ್ಲ, ಯಾಕೆ?

ಎಲ್ಲಿ ಕೂತರೂ ಕೆಳಗೆ ನಿಮ್ಮದೇ ಟವೆಲ್ ಹಾಸಬೇಕು. ಕುರ್ಚಿ, ಬೆಂಚು, ಸೌನಾ ಅನ್ನುವ ಬೆವರಿಳಿಸುವ ಬಿಸಿ ಕೋಣೆ, ಪಕ್ಕದ ಟೆಂಟಿನವರು ಕೊಟ್ಟ ಸ್ಟೂಲು, ಎಲ್ಲದರ ಮೇಲೂ. ಬೆವರು ಮತ್ತು ಸ್ವಚ್ಛತೆಯ ಪ್ರಶ್ನೆ ಇದು. ಬೇರೆ ನಿಯಮ ಮರೆತರೆ ನಕ್ಕು ನೆನಪಿಸುತ್ತಾರೆ, ಇದನ್ನು ಮರೆತರೆ ನಗುವುದಿಲ್ಲ. ಹಾಸಲು ಒಂದು ಬಣ್ಣದ್ದು, ಮೈ ಒರೆಸಲು ಇನ್ನೊಂದು ಬಣ್ಣದ್ದು ಇಟ್ಟುಕೊಂಡರೆ ಅದಲುಬದಲಾಗುವುದಿಲ್ಲ.

ಸ್ನಾನ, ಶೌಚಾಲಯ ಹೇಗಿರುತ್ತೆ? ಗಂಡಸರು ಹೆಂಗಸರು ಒಟ್ಟಿಗಾ?

ಶೌಚಾಲಯಕ್ಕೆ ಬಾಗಿಲು ಇದ್ದೇ ಇರುತ್ತದೆ. ಸ್ನಾನದ ಜಾಗ ಹಲವು ಕಡೆ ಎಲ್ಲರಿಗೂ ಒಂದೇ, ಪರದೆ ಇಲ್ಲದೆ ತೆರೆದ ಬಯಲಲ್ಲಿ. ಹೊರಗೆ ಹೇಗೂ ಬೆತ್ತಲೆ ಇರುವವರು ಒಳಗೆ ಪರದೆ ಎಳೆದುಕೊಂಡು ಏನು ಮಾಡುವುದು, ಅಲ್ವಾ? ಆದರೂ ಒಂದೆರಡು ಮುಚ್ಚಿದ ಕೋಣೆಗಳನ್ನು ಹಲವರು ಇಟ್ಟಿರುತ್ತಾರೆ.

ಹಳ್ಳಿಗಾಡಿನ ವಿಶೇಷ ಇರುವುದು ಕೊಳಚೆ ನೀರಿನಲ್ಲಿ. ಊರಿನ ಒಳಚರಂಡಿ ಇರುವುದಿಲ್ಲ, ಸೆಪ್ಟಿಕ್ ಟ್ಯಾಂಕ್ ಇಲ್ಲವೇ ಮಲವನ್ನು ಗೊಬ್ಬರ ಮಾಡುವ ಶೌಚಾಲಯ ಇರುತ್ತದೆ. ಒದ್ದೆ ವೈಪ್ಸ್, ಪ್ಯಾಡ್, ಬ್ಲೀಚ್ ಯಾವುದನ್ನೂ ಅದರೊಳಗೆ ಹಾಕಬೇಡಿ. ಟ್ಯಾಂಕಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾ ಸತ್ತರೆ ಇಡೀ ಕ್ಯಾಂಪಿಗೆ ವಾಸನೆ. ಗಿಡಗಳಿಂದಲೇ ನೀರು ಶುದ್ಧವಾಗುವ ಈಜುಕೊಳವಿದ್ದರೆ ಇಳಿಯುವ ಮುಂಚೆ ಮೈ ತೊಳೆದು ಸನ್‌ಸ್ಕ್ರೀನ್ ತೆಗೆಯಿರಿ. ಕ್ಲೋರಿನ್ ಇಲ್ಲದ ಆ ನೀರು ಅಷ್ಟು ಎಣ್ಣೆಯನ್ನು ತಾಳುವುದಿಲ್ಲ.

ಅಡುಗೆ ಮಾಡುವಾಗಲೂ ಹಾಗೇನಾ?

ನೀರು ಕಾಯಿಸುವುದಾದರೆ ಸರಿ. ಎಣ್ಣೆ ಇಟ್ಟರೆ ಏಪ್ರನ್ ಕಟ್ಟಿಕೊಳ್ಳಿ. ಕ್ಯಾಂಪ್ ಸ್ಟವ್ ನೆಲಕ್ಕೆ ಹತ್ತಿರ, ನೀವು ಅದರ ಮುಂದೆ ಕುಕ್ಕರಗಾಲಲ್ಲಿ. ಸಿಡಿದರೆ ಎಲ್ಲಿಗೆ ಸಿಡಿಯುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಕಟ್ಟಿಗೆ ಸೀಳುವುದು, ಹುಲ್ಲು ಕತ್ತರಿಸುವ ಯಂತ್ರ, ಬೆಂಕಿಯ ಮುಂದೆ ಕೂರುವುದು, ಇವಕ್ಕೂ ಬಟ್ಟೆ ಬೇಕು. ವರ್ಷಗಟ್ಟಲೆ ಬರುತ್ತಿರುವವರೂ ಈ ವಿಷಯದಲ್ಲಿ ಹಟ ಮಾಡುವುದಿಲ್ಲ.

ಎದುರಿಗಿರೋರ ಜೊತೆ ಮಾತಾಡುವಾಗ ಕಣ್ಣು ಎಲ್ಲಿಡಬೇಕು?

ಮುಖದ ಮೇಲೆ. ಒಮ್ಮೆ ಕಣ್ಣು ಜಾರಿದರೆ ಪ್ರಳಯ ಏನೂ ಆಗುವುದಿಲ್ಲ. ದಿಟ್ಟಿಸಿ ನೋಡುವುದು ತಪ್ಪು, ಕಪ್ಪು ಕನ್ನಡಕ ಹಾಕಿಕೊಂಡು ನೋಡುವುದು ಇನ್ನೂ ತಪ್ಪು. ಗೊತ್ತಾಗಲ್ಲ ಅಂದುಕೊಂಡವರದ್ದೆಲ್ಲ ಗೊತ್ತಾಗುತ್ತದೆ. ಬೇರೆಯವರ ಮೈ ಬಗ್ಗೆ ಮಾತು ಬೇಡ, ಹೊಗಳಿಕೆಯೂ ಬೇಡ.

ಗಂಡಸರಿಗೆ ಇದ್ದಕ್ಕಿದ್ದ ಹಾಗೆ ಉದ್ರೇಕವಾದರೆ?

ಹೆದರುವಷ್ಟು ಆಗುವುದಿಲ್ಲ. ಅಂಜಿಕೆ, ತಣ್ಣನೆಯ ಗಾಳಿ, ಟೆಂಟಿನ ಗೂಟ, ಯಾವುದೂ ಅದಕ್ಕೆ ಅನುಕೂಲವಲ್ಲ. ಆಗಿಬಿಟ್ಟರೆ ಸುಮ್ಮನೆ ಟವೆಲ್ ಮುಚ್ಚಿಕೊಳ್ಳಿ, ಬೋರಲು ಮಲಗಿ, ಇಲ್ಲವೇ ತಣ್ಣೀರಿಗೆ ಇಳಿಯಿರಿ. ಮುಚ್ಚಿಕೊಂಡವರನ್ನು ಯಾರೂ ಗಮನಿಸುವುದಿಲ್ಲ, ತೋರಿಸಿಕೊಂಡು ಓಡಾಡಿದವರನ್ನು ಹೊರಗೆ ಹಾಕುತ್ತಾರೆ.

ಮುಟ್ಟಿನ ದಿನಗಳಲ್ಲಿ ಏನು ಮಾಡೋದು?

ನಿಮಗೆ ಹೇಗೆ ಆರಾಮವೋ ಹಾಗೆ. ಟ್ಯಾಂಪೂನ್ ಇಲ್ಲವೇ ಕಪ್ ಬಳಸಿ ಹಾಗೇ ಇರುವವರಿದ್ದಾರೆ. ಚಡ್ಡಿ ಹಾಕಿಕೊಳ್ಳುವವರು, ಸೊಂಟಕ್ಕೆ ಬಟ್ಟೆ ಸುತ್ತಿಕೊಳ್ಳುವವರೂ ಇದ್ದಾರೆ. ಬೆತ್ತಲೆ ಕಡ್ಡಾಯ ಅನ್ನುವ ಜಾಗದಲ್ಲೂ ಇದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

ಫೋಟೊ ತೆಗೆಯಬಹುದಾ?

ಇಲ್ಲ ಅಂದುಕೊಂಡೇ ಹೋಗಿ. ನಿಮ್ಮ ಸ್ವಂತ ಟೆಂಟಿನ ಫೋಟೊಗೂ ಹಿಂದೆ ಯಾರಿದ್ದಾರೆ ನೋಡಿ, ಮಾಲೀಕರನ್ನು ಕೇಳಿ. ಫೋನ್ ಕೈಯಲ್ಲಿ ಎತ್ತಿ ಹಿಡಿದು ಓಡಾಡಿದರೂ ಜನ ತಿರುಗಿ ನೋಡುತ್ತಾರೆ. ಕರೆ ಬಂದರೆ ಟೆಂಟಿನೊಳಗೆ ಹೋಗಿ, ವಿಡಿಯೊ ಕರೆಯನ್ನಂತೂ ಗೇಟಿನ ಹೊರಗೇ ಮಾಡಿ. ಕ್ಯಾಮೆರಾ ಮೇಲೆ ಸ್ಟಿಕ್ಕರ್ ಅಂಟಿಸುವ ಜಾಗಗಳಿವೆ, ಅದು ಒಳ್ಳೆಯ ಪದ್ಧತಿ. ಇಲ್ಲಿ ಬರುವ ಎಷ್ಟೋ ಜನ ಮನೆಯಲ್ಲಿ, ಕೆಲಸದ ಕಡೆ ಈ ವಿಷಯ ಹೇಳಿರುವುದಿಲ್ಲ. ಹೆಸರು ಕೇಳಿದರೂ ಮೊದಲ ಹೆಸರಷ್ಟೇ ಹೇಳುತ್ತಾರೆ.

ಕುಟುಂಬ ಸಮೇತ ಹೋಗಬಹುದಾ?

ಕುಟುಂಬಗಳಿಗೆ ತೆರೆದಿರುವ ಜಾಗಗಳಿವೆ, ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಮಕ್ಕಳ ಹೊಣೆ ಪೂರ್ತಿ ಅಪ್ಪ ಅಮ್ಮನದು, ಕಣ್ಣಳತೆಯಲ್ಲೇ ಇರಬೇಕು. ಬಟ್ಟೆ ಬೇಕು ಅಂದವರಿಗೆ ಬಟ್ಟೆ, ಒತ್ತಾಯ ಮಾಡುವಂತಿಲ್ಲ. ಹದಿಹರೆಯದವರು ಬರುವುದಕ್ಕೇ ಒಲ್ಲೆ ಅಂದರೆ ಆ ಪ್ರವಾಸ ಬಿಟ್ಟುಬಿಡುವುದೇ ಸರಿ.

## ಬಿಸಿಲು, ಹುಳ, ಚಳಿ

ಇಡೀ ಮೈ ಸುಟ್ಟು ಹೋಗಲ್ವಾ?

ಹೋಗುತ್ತದೆ, ಅದೂ ಎಂದೂ ಬಿಸಿಲು ಕಾಣದ ಜಾಗಗಳೇ ಮೊದಲು. ಪೃಷ್ಠ, ತೊಡೆಯ ಮೇಲ್ಭಾಗ, ಎದೆ. ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30 ಇರುವ ಕ್ರೀಮು ಮೈ ಸುಡುವ ಯುವಿ-ಬಿ ಕಿರಣದ ಸುಮಾರು 97% ಭಾಗವನ್ನು ತಡೆಯುತ್ತದೆ, ಆದರೆ ಸಾಕಷ್ಟು ಹಚ್ಚಿದರೆ ಮಾತ್ರ. ಪರೀಕ್ಷೆ ಮಾಡುವಾಗ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಹಚ್ಚುತ್ತಾರೆ. ಆ ಲೆಕ್ಕದಲ್ಲಿ ದೊಡ್ಡವರೊಬ್ಬರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 35 ಗ್ರಾಂ ಬೇಕು. 200 ಮಿಲಿಲೀಟರ್ ಬಾಟಲಿ ಆರು ಸಲಕ್ಕೂ ಸರಿಯಾಗಿ ಬರುವುದಿಲ್ಲ. ಎರಡು ಗಂಟೆಗೊಮ್ಮೆ, ಈಜಿದ ಮೇಲೆ ಮತ್ತೆ ಹಚ್ಚಬೇಕು ಅಂದರೆ ಖರ್ಚು ನೀವೇ ಲೆಕ್ಕ ಹಾಕಿ.

ಹಾಗಾಗಿ ನೆರಳೇ ಅಗ್ಗದ ದಾರಿ. ಬಿಸಿಲಿನ ತೀಕ್ಷ್ಣತೆ ಹೇಳುವ ಯುವಿ ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕು. ಹಗಲು ಹನ್ನೊಂದರಿಂದ ಮೂರರವರೆಗೆ ಮರದ ಕೆಳಗಿರಿ, ಭುಜದ ಮೇಲೆ ತೆಳು ಬಟ್ಟೆ ಹಾಕಿ. ನೇಚರಿಸ್ಟ್ ಅಂದರೆ ದಿನವಿಡೀ ಬಿಸಿಲಲ್ಲಿ ಬೇಯಬೇಕು ಅಂತ ಎಲ್ಲೂ ಬರೆದಿಲ್ಲ. ಬೆನ್ನಿಗೆ ಕೈ ಎಟುಕದ ಒಂಟಿ ಪ್ರವಾಸಿಗರು ಸ್ಪ್ರೇ ತನ್ನಿ.

ಉಣುಗು, ಸೊಳ್ಳೆ ಕಾಟ ಹೇಗೆ?

ಉದ್ದ ಹುಲ್ಲು, ಪೊದೆ, ಜಿಂಕೆ ಕುರಿ ಓಡಾಡುವ ಕಡೆ ಉಣುಗು ಇರುತ್ತದೆ. ಬಟ್ಟೆ ಇಲ್ಲದವರಿಗೆ ಹತ್ತಲು ಜಾಗ ಜಾಸ್ತಿ, ಆದರೆ ಹತ್ತಿದ್ದು ಕಾಣುವುದೂ ಬೇಗ. ಸಂಜೆ ತೊಡೆಸಂದು, ಕಂಕುಳು, ಮಂಡಿ ಹಿಂದೆ, ಹೊಕ್ಕುಳ, ಕಿವಿ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚೂಪು ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಮೇಲೆ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಬೇಡ. ಲೈಮ್ ರೋಗ ದಾಟಲು ಸಾಮಾನ್ಯವಾಗಿ ಉಣುಗು 24 ಗಂಟೆಗೂ ಹೆಚ್ಚು ಕಚ್ಚಿಕೊಂಡಿರಬೇಕು, ಹಾಗಾಗಿ ದಿನಾ ನೋಡಿಕೊಂಡರೆ ಅಪಾಯ ಬಹಳ ಕಡಿಮೆ. 3ರಿಂದ 30 ದಿನದೊಳಗೆ ಹರಡುತ್ತಾ ಹೋಗುವ ಕೆಂಪು ಗುರುತು ಕಂಡರೆ ವೈದ್ಯರ ಹತ್ತಿರ ಹೋಗಿ. ಮಧ್ಯ ಮತ್ತು ಪೂರ್ವ ಯುರೋಪಿನಲ್ಲಿ ಉಣುಗಿನಿಂದ ಮೆದುಳಿನ ಉರಿಯೂತವೂ ಬರಬಹುದು, ಅದಕ್ಕೆ ಲಸಿಕೆ ಇದೆ.

ಸೊಳ್ಳೆಗೆ ಮುಲಾಮು ಹಚ್ಚುವುದಾದರೆ ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಮುಲಾಮು. ಮುಸ್ಸಂಜೆ ಸೊಳ್ಳೆ ಏಳುವ ಹೊತ್ತಿಗೆ ಉದ್ದ ಪ್ಯಾಂಟ್ ಹಾಕಿದರೆ ಇನ್ನೂ ಒಳ್ಳೆಯದು.

ಚಳಿ ಬಂದ್ರೆ?

ಬಟ್ಟೆ ಹಾಕಿ.

## ಸ್ವಲ್ಪ ಅನುಭವ ಆದವರು ಕೇಳುವುದು

ಗೇಟಿನ ಹೊರಗೂ ಹಾಗೇ ನಡೆದು ಹೋಗಬಹುದಾ? ಸುತ್ತ ಬರೀ ಹೊಲ ತಾನೆ?

ಹೋಗಬೇಡಿ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2003ರ ಲೈಂಗಿಕ ಅಪರಾಧಗಳ ಕಾಯ್ದೆಯಲ್ಲಿ, ನೋಡಿದವರಿಗೆ ಗಾಬರಿ ಇಲ್ಲವೇ ನೋವಾಗಲಿ ಅನ್ನುವ ಉದ್ದೇಶ ಇದ್ದರೆ ಮಾತ್ರ ಅಂಗ ಪ್ರದರ್ಶನ ಅಪರಾಧ. ಸ್ಪೇನ್‌ನಲ್ಲಿ ಇಡೀ ದೇಶಕ್ಕೆ ಬರೀ ಬೆತ್ತಲೆಯನ್ನು ತಡೆಯುವ ಕಾನೂನಿಲ್ಲ, ಆದರೆ ಬಾರ್ಸಿಲೋನಾ ನಗರ 2011ರಲ್ಲಿ ತನ್ನ ಬೀದಿಗಳಲ್ಲಿ ನಿಷೇಧಿಸಿತು. ಫ್ರಾನ್ಸ್‌ನಲ್ಲಿ ಸಾರ್ವಜನಿಕ ಜಾಗದ ಲೈಂಗಿಕ ಪ್ರದರ್ಶನಕ್ಕೆ ಒಂದು ವರ್ಷದವರೆಗೆ ಜೈಲು ಇದೆ. ಗೊತ್ತು ಮಾಡಿದ ನೇಚರಿಸ್ಟ್ ಜಾಗಗಳಿಗೆ ಅದು ತಟ್ಟುವುದಿಲ್ಲ. ಎಷ್ಟೋ ದೇಶಗಳಲ್ಲಿ ಬೇಲಿಯೊಳಗೂ ಇದಕ್ಕೆ ಅವಕಾಶವಿಲ್ಲ.

ಕಾನೂನು ನಿಮ್ಮ ಕಡೆಗಿದ್ದರೂ ಪಕ್ಕದ ಹೊಲದ ರೈತ ಮಾಲೀಕರ ನೆರೆಯವನು. ನೀವು ಒಂದು ವಾರಕ್ಕೆ ಬಂದವರು, ಅವರಿಬ್ಬರೂ ಅಲ್ಲೇ ಬಾಳಬೇಕು. ಟಪಾಲಿನವರು, ಸಾಮಾನು ತಂದವರು ಒಳಗೆ ಬಂದಾಗಲೂ ಸೊಂಟಕ್ಕೊಂದು ಬಟ್ಟೆ ಸುತ್ತಿಕೊಂಡರೆ ಆಯಿತು.

ಯಾರಾದರೂ ಅಸಭ್ಯವಾಗಿ ನಡೆದುಕೊಂಡರೆ ಏನು ಮಾಡಬೇಕು?

ತಕ್ಷಣ ಮಾಲೀಕರಿಗೆ ಹೇಳಿ, ಮರುದಿನಕ್ಕೆ ಇಡಬೇಡಿ. ಬೇರೆಯವರ ರಜೆ ಹಾಳಾಗುತ್ತದೆ ಅಂತ ಸಂಕೋಚ ಪಡುವವರೇ ಹೆಚ್ಚು. ಆದರೆ ಇಂಥ ಜಾಗದ ಹೆಸರು ಒಬ್ಬ ಮನುಷ್ಯನಿಂದ ಕೆಡುತ್ತದೆ, ಅದು ಮಾಲೀಕರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಅವರು ನಕ್ಕು ತಳ್ಳಿಹಾಕಿದರೆ ಆ ಜಾಗ ಬಿಡಿ. ಅದು ಒಕ್ಕೂಟದ ಪಟ್ಟಿಯಲ್ಲಿದ್ದರೆ ಅಲ್ಲಿಗೂ ಬರೆಯಿರಿ. ಅಪರಾಧವೇ ನಡೆದಿದ್ದರೆ ಪೊಲೀಸರು. ನೀವು ಬಟ್ಟೆ ಇಲ್ಲದೆ ಇದ್ದಿರಿ ಅನ್ನುವುದರಿಂದ ದೂರಿನ ತೂಕ ಕಡಿಮೆಯಾಗಬಾರದು.

ನನ್ನ ಸ್ವಂತ ಜಮೀನಿನಲ್ಲೇ ಇಂಥದ್ದು ಶುರು ಮಾಡಬಹುದಾ?

ಅಪ್ಪಟ ಅಭಿಮಾನಿಗಳಿಗೆ ಕೊನೆಗೆ ಬರುವ ಆಸೆ ಇದು. ಮೊದಲ ತಡೆ ಭೂಬಳಕೆಯ ನಿಯಮ. ಪುಟ್ಟ ಕ್ಯಾಂಪ್‌ಗಳಿಗೆ ಕೆಲವು ದೇಶಗಳಲ್ಲಿ ಸುಲಭ ದಾರಿ ಇದೆ. ಫ್ರಾನ್ಸ್‌ನಲ್ಲಿ 6 ಟೆಂಟ್ ಇಲ್ಲವೇ 20 ಜನರ ಮಿತಿಯೊಳಗಿದ್ದರೆ ದೊಡ್ಡ ಪರವಾನಗಿಯ ಬದಲು ಪುರಸಭೆಗೆ ಘೋಷಣೆ ಕೊಟ್ಟರೆ ಸಾಕಾಗುತ್ತದೆ. ಇಂಗ್ಲೆಂಡ್‌ನಲ್ಲಿ ಮಾನ್ಯತೆ ಪಡೆದ ಸಂಘಗಳು 5 ಕ್ಯಾರವಾನ್‌ಗಳ (ಕಾರಿಗೆ ಕಟ್ಟಿ ಎಳೆಯುವ ಮನೆಗಾಡಿಗಳ) ಪುಟ್ಟ ಜಾಗಗಳಿಗೆ ಪ್ರಮಾಣಪತ್ರ ಕೊಡುತ್ತವೆ. ಕುಡಿಯುವ ನೀರು, ಕೊಳಚೆ, ಬೆಂಕಿ, ವಿಮೆ, ಇವೆಲ್ಲ ಬೇರೆ ಯಾವ ಕ್ಯಾಂಪ್‌ಗೂ ಇದ್ದ ಹಾಗೇ.

ಹಣದ ಲೆಕ್ಕ ನಿರಾಸೆ ತರುತ್ತದೆ. ಆರು ಟೆಂಟು, ಬೇಸಿಗೆಯ ಕೆಲವು ತಿಂಗಳು, ಅದರಲ್ಲಿ ಮಳೆಯ ವಾರಗಳನ್ನು ಕಳೆಯಿರಿ. ಇದನ್ನೇ ನಂಬಿ ಬದುಕುವವರು ಕಡಿಮೆ. ಪಿಂಚಣಿ, ಕೃಷಿ, ಇನ್ನೊಂದು ಕೆಲಸ ಜೊತೆಗಿರುತ್ತದೆ.

ನೆರೆಹೊರೆಯವರಿಗೆ ಬೋರ್ಡ್ ಹಾಕುವ ಮುಂಚೆಯೇ ಹೋಗಿ ಹೇಳಿ. ಬೇರೆಯವರ ಬಾಯಿಂದ ಕೇಳಿದರೆ ಕಥೆಗೆ ರೆಕ್ಕೆಪುಕ್ಕ ಬಂದಿರುತ್ತದೆ. ಬೇಲಿ ಗಿಡವನ್ನು ಈಗಲೇ ನೆಡಿ. ಆಳೆತ್ತರ ಬೆಳೆಯಲು ನಾಲ್ಕೈದು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ರಸ್ತೆ ಕಡೆಗೆ ನೆರಳುಬಲೆ ಕಟ್ಟಬೇಕಾಗುತ್ತದೆ, ನೋಡಲು ಅಂದವಿಲ್ಲದಿದ್ದರೂ.